ಮನೆವಾರ್ತೆ: ಬೀರುವಿನೊಳಗಿನ ಲಾರಿ ಕಾಗದ



ಕಳೆದ ಸಂಚಿಕೆಯಲ್ಲಿ ಹಲಸಿನ ಹಪ್ಪಳವನ್ನು ಮಳೆಗಾಲದಲ್ಲಿ ಕೆಡದಂತೆ ಇಡುವುದು ಹೇಗೆ ಎಂದು ಬರೆದಿದ್ದೆ. ಈ ಸಲ ಲಾರಿಯ ಇನ್ಶೂರೆನ್ಸಿನ ಬಗ್ಗೆ ಬರೆಯುತ್ತೇನೆ ಎಂದಾಗ ನಮ್ಮ ಮನೆಯವರಿಗೆ ನಗು ಬಂತು. "ಹೆಂಗಸರ ಪುಸ್ತಕದಲ್ಲಿ ಲಾರಿ ಎಂತಕ್ಕೆ?" ಎಂದರು. "ಲಾರಿಯ ಸಾಲಕ್ಕೆ ಅಡವಿಟ್ಟ ಬಳೆ ಯಾರದ್ದು?" ಎಂದು ನಾನು ಕೇಳಿದೆ. ಮತ್ತೆ ಅವರು ಮಾತಾಡಲಿಲ್ಲ.

ನಮ್ಮ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಕಡೆ ಎಷ್ಟು ಮನೆಗಳಲ್ಲಿ ಒಲೆ ಉರಿಯುವುದು ಲಾರಿ, ಟೆಂಪೊ, ಪಿಕಪ್ಪುಗಳ ಬಾಡಿಗೆಯಿಂದ ಎಂದು ನೀವೇ ಲೆಕ್ಕ ಹಾಕಿ. ಕೆಂಪುಕಲ್ಲು, ಹೊಯಿಗೆ, ಅಡಿಕೆ, ರಬ್ಬರು, ಹೆಂಚು ಎಲ್ಲ ಅದರಲ್ಲೇ ಹೋಗಬೇಕು. ಬಿ.ಸಿ. ರೋಡಿನ ಸರ್ಕಲಿನಲ್ಲಿ ಅರ್ಧ ಗಂಟೆ ನಿಂತರೆ ಸಾಕು, ಮಂಗಳೂರು ಬಂದರಿನಿಂದ ಶಿರಾಡಿ ಘಾಟಿಯತ್ತ ಹೋಗುವ ಲಾರಿಗಳ ಸಾಲು ಮುಗಿಯುವುದೇ ಇಲ್ಲ. ಆ ಪ್ರತಿಯೊಂದು ಲಾರಿಯ ಹಿಂದೆ ಒಂದು ಮನೆ ಉಂಟು. ಆ ಮನೆಯ ಬೀರುವಿನಲ್ಲಿ ರೇಷನ್ ಕಾರ್ಡು, ಮಕ್ಕಳ ಜಾತಕ, ಚಿನ್ನದ ಅಡವಿನ ಚೀಟಿ ಇವುಗಳ ನಡುವೆ ಒಂದು ಇನ್ಶೂರೆನ್ಸ್ ಪಾಲಿಸಿಯೂ ಇರುತ್ತದೆ. ಈಗ ಕೆಲವರಿಗೆ ಮೊಬೈಲಿನಲ್ಲಿ ಬರುತ್ತದೆ. ಎಲ್ಲಿದ್ದರೂ ಓದುವವರು ಮಾತ್ರ ಯಾರೂ ಇಲ್ಲ. ನಾನೂ ಓದಿರಲಿಲ್ಲ. ನಾನು ಎಸ್ಸೆಸ್ಸೆಲ್ಸಿವರೆಗೆ ಕಲಿತವಳು, ಇಂಗ್ಲಿಷಿನ ಆ ಸಣ್ಣ ಅಕ್ಷರ ಕಂಡರೆ ತಲೆ ತಿರುಗುತ್ತದೆ.

ಓದುವ ಹಾಗೆ ಆದದ್ದು ಮೂರು ವರ್ಷದ ಹಿಂದಿನ ಆಟಿ ತಿಂಗಳಲ್ಲಿ. ನಮ್ಮದು ಆರು ಚಕ್ರದ ಹಳೇ ಲಾರಿ. ಅಡಿಕೆ ಹೇರಿಕೊಂಡು ಹೋದದ್ದು ಗುಂಡ್ಯ ದಾಟಿದ ಮೇಲೆ ಒಂದು ತಿರುವಿನಲ್ಲಿ ಎದುರು ಬಂದ ಬಸ್ಸನ್ನು ತಪ್ಪಿಸಲು ಹೋಗಿ ಗುಡ್ಡದ ಬದಿಯ ಚರಂಡಿಗೆ ಇಳಿಯಿತು. ದೇವರ ದಯೆ, ಡ್ರೈವರನಿಗೂ ಕ್ಲೀನರ್ ಹುಡುಗನಿಗೂ ತರಚಿದ್ದು ಬಿಟ್ಟರೆ ಏನೂ ಆಗಲಿಲ್ಲ. "ಫುಲ್ ಇನ್ಶೂರೆನ್ಸ್ ಉಂಟಲ್ಲ, ಹೆದರಬೇಡ" ಎಂದು ಇವರು ನನಗೆ ಸಮಾಧಾನ ಹೇಳಿದರು. ರಿಪೇರಿಗೆ 92,000 ರೂಪಾಯಿ, ಕ್ರೇನಿನವನಿಗೆ 12,000 ರೂಪಾಯಿ. ಕಂಪೆನಿಯಿಂದ ಬಂದದ್ದು ಎಲ್ಲ ಸೇರಿ 40,500. ಉಳಿದ 63,500 ನಮ್ಮ ಕೈಯಿಂದ. ಮಗಳ ಕಾಲೇಜಿನ ಫೀಸಿಗೆ ಇಟ್ಟ ಹಣ ಗ್ಯಾರೇಜಿಗೆ ಹೋಯಿತು.

ನಾನು ಕಂಪೆನಿಯವರನ್ನು ಚೆನ್ನಾಗಿ ಬೈದೆ, ಮನೆಯೊಳಗೆ ಕೂತು. ಆಮೇಲೆ ಪಾಲಿಸಿಯನ್ನು ಹೊರಗೆ ತೆಗೆದು, ನೆರೆಮನೆಯ ಕಾಮರ್ಸ್ ಓದುವ ಹುಡುಗಿಯನ್ನು ಕೂರಿಸಿ, ಚಹಾ ಮತ್ತು ನೀರುದೋಸೆ ಕೊಟ್ಟು ಎರಡು ಮಧ್ಯಾಹ್ನ ಓದಿಸಿದೆ. ಓದಿದ ಮೇಲೆ ಗೊತ್ತಾಯಿತು, ಕಂಪೆನಿ ಮೋಸ ಮಾಡಿರಲಿಲ್ಲ. ನಾವು ಕೊಂಡದ್ದೇ ಅಷ್ಟು.

ಹೇಗೆಂದು ಹೇಳುತ್ತೇನೆ. ಕಾರಿನ ಪಾಲಿಸಿಯ ಹಾಗಲ್ಲ ಲಾರಿಯದ್ದು. ಬಾಡಿಗೆ ವಾಹನದ ಪಾಲಿಸಿಯಲ್ಲಿ ಲಾರಿ ಪೂರ್ತಿ ಹೋದರೆ ಮಾತ್ರ ಬೇರೆ ಮಾತು. ಇಲ್ಲದಿದ್ದರೆ ಲೈಟು, ಟಯರು, ಮಡ್‌ಗಾರ್ಡು, ಬಂಪರು, ಬಾನೆಟ್ಟಿನ ಬದಿಯ ಭಾಗ, ಪೇಂಟು ಇವುಗಳಿಗೆ ಹಣವಿಲ್ಲ. ಇವಕ್ಕೂ ಬೇಕಾದರೆ 'ಐಎಂಟಿ 23' ಎಂಬ ಒಂದು ಸೇರ್ಪಡೆಯನ್ನು ಕಂತು ಹೆಚ್ಚು ಕೊಟ್ಟು ಹಾಕಿಸಿಕೊಳ್ಳಬೇಕು. ಲಾರಿ ಎಲ್ಲಿಗಾದರೂ ತಾಗಿದರೆ ಮೊದಲು ಒಡೆಯುವುದು ಇವೇ ತಾನೆ? ನಮ್ಮ ಪಾಲಿಸಿಯಲ್ಲಿ ಆ 23 ಇರಲಿಲ್ಲ. ಹಿಂದಿನ ವರ್ಷ ಇತ್ತು! "ಈ ಸಲ ಸ್ವಲ್ಪ ಕಡಿಮೆಗೆ ಮಾಡಿಕೊಡುತ್ತೇನೆ" ಎಂದು ಹೇಳಿ ಮಾಡಿಸಿಕೊಟ್ಟವರು ಅದನ್ನೇ ತೆಗೆದಿದ್ದರು. ಇನ್ನು ರಬ್ಬರು, ಪ್ಲಾಸ್ಟಿಕ್ಕು, ಬ್ಯಾಟರಿ ಇವಕ್ಕೆ ಹೊಸ ಸಾಮಾನಿನ ಬೆಲೆಯ ಅರ್ಧ ಮಾತ್ರ. ಕಬ್ಬಿಣದ ಭಾಗಕ್ಕೆ ಲಾರಿಯ ಪ್ರಾಯ ನೋಡಿ ಕಡಿತ. ಗಾಜಿಗೆ ಕಡಿತ ಇಲ್ಲ. ಕ್ರೇನಿಗೆ, ಎಳೆದು ತರುವುದಕ್ಕೆ ಮಾಮೂಲಿ ಪಾಲಿಸಿಯಲ್ಲಿ ಇರುವ ಮಿತಿ 2,500 ರೂಪಾಯಿ. ಘಾಟಿಯ ಚರಂಡಿಯಿಂದ ಆರು ಚಕ್ರದ ಲಾರಿಯನ್ನು 2,500 ರೂಪಾಯಿಗೆ ಎತ್ತುವ ಪುಣ್ಯಾತ್ಮ ಇದ್ದರೆ ನನಗೂ ತಿಳಿಸಿ. ಈ ಮಿತಿಯನ್ನೂ ಕಂತು ಕೊಟ್ಟು ಏರಿಸಿಕೊಳ್ಳಬಹುದು. ನಮಗೆ ಹೇಳಿದವರು ಯಾರು?

ಈಗ ಬುಡದಿಂದ ಹೇಳುತ್ತೇನೆ. ಲಾರಿಯ ಪಾಲಿಸಿಯಲ್ಲಿ ಎರಡು ಭಾಗ. ಒಂದು, ನಮ್ಮ ಲಾರಿಯಿಂದ ಬೇರೆಯವರಿಗೆ ಆದ ಹಾನಿಗೆ, ಅಂದರೆ ಥರ್ಡ್ ಪಾರ್ಟಿ. ಇನ್ನೊಂದು, ನಮ್ಮ ಲಾರಿಗೇ ಆದ ಹಾನಿಗೆ. ಮೊದಲನೆಯದು ಕಡ್ಡಾಯ. 1939ರ ಮೋಟಾರು ವಾಹನ ಕಾಯಿದೆಯಲ್ಲೇ ಇದು ಇತ್ತು, 1946ರ ಜುಲೈ 1ರಿಂದ ಜಾರಿಗೆ ಬಂತು. ಈಗ ಇರುವುದು 1988ರ ಕಾಯಿದೆ, ಅದರ 146ನೇ ಕಲಮು. ಇನ್ಶೂರೆನ್ಸ್ ಇಲ್ಲದೆ ಓಡಿಸಿ ಸಿಕ್ಕಿಬಿದ್ದರೆ ಮೊದಲ ಸಲ 2,000 ರೂಪಾಯಿ, ಮತ್ತೊಮ್ಮೆ ಸಿಕ್ಕಿದರೆ 4,000 ರೂಪಾಯಿ ದಂಡ. ಮೂರು ತಿಂಗಳವರೆಗೆ ಜೈಲು ಕೂಡ ಆಗಬಹುದು. ದಂಡ ದೊಡ್ಡ ವಿಷಯವಲ್ಲ. ರಸ್ತೆಯಲ್ಲಿ ನಡೆದು ಹೋಗುವ ಒಬ್ಬ ಮನುಷ್ಯ ನಮ್ಮ ಲಾರಿಯಡಿಗೆ ಬಿದ್ದು ಸತ್ತರೆ ಅವನ ಪ್ರಾಯ, ಸಂಪಾದನೆ, ಅವನನ್ನು ನಂಬಿದವರು ಎಷ್ಟು ಮಂದಿ ಎಂದೆಲ್ಲ ನೋಡಿ ಟ್ರಿಬ್ಯೂನಲ್ ಪರಿಹಾರ ನಿಗದಿ ಮಾಡುತ್ತದೆ. ಅದಕ್ಕೆ ಇಂತಿಷ್ಟೇ ಎಂಬ ಮಿತಿ ಇಲ್ಲ. ಲಕ್ಷಗಟ್ಟಲೆ ಆಗಬಹುದು. ಪಾಲಿಸಿ ಸರಿ ಇದ್ದರೆ ಪೂರ್ತಿ ಕಂಪೆನಿ ಕೊಡುತ್ತದೆ. ಇಲ್ಲದಿದ್ದರೆ ಲಾರಿಯ ಆರ್‌ಸಿಯಲ್ಲಿ ಯಾರ ಹೆಸರು ಉಂಟೋ ಅವರು ಕೊಡಬೇಕು. ಲಾರಿಯ ಆರ್‌ಸಿಯಿಂದ ಹೊರಟದ್ದು ಅಡಿಕೆ ತೋಟದ ಆರ್‌ಟಿಸಿಯವರೆಗೆ ಹೋಗುತ್ತದೆ.

ಈ ಥರ್ಡ್ ಪಾರ್ಟಿಯ ಕಂತನ್ನು ನಿಗದಿ ಮಾಡುವುದು ಸರಕಾರ, ಆದುದರಿಂದ ಎಲ್ಲ ಕಂಪೆನಿಯಲ್ಲೂ ಒಂದೇ. 2022ರ ಜೂನ್ 1ರಂದು ಜಾರಿಗೆ ಬಂದ ಪಟ್ಟಿಯಲ್ಲಿ ಒಟ್ಟು ಭಾರ 7,500 ಕಿಲೊವರೆಗಿನ ಬಾಡಿಗೆ ಗಾಡಿಗೆ 16,049 ರೂಪಾಯಿ, 12,000ದಿಂದ 20,000 ಕಿಲೊವರೆಗಿನ ನಮ್ಮಂಥ ಲಾರಿಗೆ 35,313 ರೂಪಾಯಿ. ತೆರಿಗೆ ಬೇರೆ. ಇದರಲ್ಲಿ ಯಾರೂ ಒಂದು ಪೈಸೆ ಕಡಿಮೆ ಮಾಡುವಂತಿಲ್ಲ. ಹಾಗಾದರೆ "ಕಡಿಮೆಗೆ ಮಾಡಿಕೊಡುತ್ತೇನೆ" ಎಂದವರು ಎಲ್ಲಿಂದ ಕಡಿಮೆ ಮಾಡುತ್ತಾರೆ? ಎರಡನೇ ಭಾಗದಿಂದ. ಕಂಪೆನಿಯ ರಿಯಾಯಿತಿ ಇದ್ದರೆ ಒಳ್ಳೆಯದೇ. ಆದರೆ ಹೆಚ್ಚಿನ ಸಲ 23 ಹೋಗಿರುತ್ತದೆ, ಇಲ್ಲವೇ ಲಾರಿಯ ಬೆಲೆಯನ್ನು ಕಡಿಮೆ ಬರೆದಿರುತ್ತಾರೆ. ಆ ಬೆಲೆಗೆ ಐಡಿವಿ ಎನ್ನುತ್ತಾರೆ. ಲಾರಿ ಕಳವಾದರೆ, ಪೂರ್ತಿ ನಾಶವಾದರೆ ಸಿಗುವುದು ಆ ಮೊತ್ತ. ಲಾರಿಗೆ ಪ್ರಾಯ ಆದ ಹಾಗೆ ಅದು ಇಳಿಯುತ್ತದೆ, ನಾಲ್ಕು ದಾಟಿ ಐದನೇ ವರ್ಷಕ್ಕೆ ನೂರಕ್ಕೆ ಐವತ್ತು ಕಡಿತ. ಐದರ ಮೇಲೆ ಕಂಪೆನಿಯೂ ನೀವೂ ಮಾತಾಡಿ ಒಪ್ಪಿದ ಬೆಲೆ. ನಮ್ಮ ಕಡೆಯ ಲಾರಿಗಳು ಹೆಚ್ಚಾಗಿ ಐದು ದಾಟಿದವೇ, ಹಾಗಾಗಿ ಬಾಯಿ ಬಿಟ್ಟು ಕೇಳಬೇಕು. ಬ್ಯಾಂಕಿನ ಸಾಲ ಆರು ಲಕ್ಷ ಬಾಕಿ ಇದ್ದು ಐಡಿವಿ ನಾಲ್ಕು ಲಕ್ಷ ಬರೆದಿದ್ದರೆ, ಲಾರಿ ಹೋದ ದಿನ ಹಣ ಬ್ಯಾಂಕಿಗೇ ಹೋಗಿ ಎರಡು ಲಕ್ಷದ ಸಾಲ ನಿಮಗೆ ಉಳಿಯುತ್ತದೆ. ಇನ್ನೊಂದು ಕಡೆಯೂ ಕತ್ತರಿ ಬೀಳುತ್ತದೆ. ನಮ್ಮ ಲಾರಿ ಬೇರೆಯವರ ಅಂಗಡಿಗೋ ಕಾರಿಗೋ ಗುದ್ದಿದರೆ ಆ ಸೊತ್ತಿನ ಹಾನಿಗೆ ಏಳೂವರೆ ಲಕ್ಷದವರೆಗೆ ರಕ್ಷಣೆ ಇರುತ್ತದೆ. ಅದನ್ನು 6,000 ರೂಪಾಯಿಗೆ ಇಳಿಸಿಕೊಳ್ಳಲೂ ಅವಕಾಶ ಉಂಟು, ಕಂತಿನಲ್ಲಿ ಸ್ವಲ್ಪ ಉಳಿಯುತ್ತದೆ. ಈ ಕಾಲದಲ್ಲಿ 6,000ಕ್ಕೆ ಕಾರಿನ ಬಾಗಿಲಿನ ಡೊಂಕೂ ಸರಿಯಾಗುವುದಿಲ್ಲ.

ಎರಡನೇ ಭಾಗದಲ್ಲಿ ಏನೆಲ್ಲ ಸೇರಿದೆ ಎಂದರೆ ಅಪಘಾತ, ಬೆಂಕಿ, ಕಳವು, ಗಲಾಟೆ, ಮುಷ್ಕರ, ನೆರೆ, ಬಿರುಗಾಳಿ, ಗುಡ್ಡ ಜರಿತ. ಬೆಳ್ತಂಗಡಿಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. 2019ರ ಆಗಸ್ಟಿನಲ್ಲಿ ಚಾರ್ಮಾಡಿ ಘಾಟಿಯಲ್ಲಿ ಗುಡ್ಡ ಜರಿದು ರಸ್ತೆ ಮುಚ್ಚಿದ್ದನ್ನೂ, ಕೆಳಗಿನ ಊರುಗಳಿಗೆ ನೆರೆ ನುಗ್ಗಿದ್ದನ್ನೂ ಕಂಡವರು ಅವರು. ಆದರೆ ಒಂದು ಮಾತು ನೆನಪಿಡಿ. ನಿಲ್ಲಿಸಿದ ಲಾರಿ ನೀರಿನಲ್ಲಿ ಮುಳುಗಿದರೆ ಹಾಗೆಯೇ ಬಿಟ್ಟು ಕಂಪೆನಿಗೆ ತಿಳಿಸಿ. ನೀರು ಹೊಕ್ಕ ಇಂಜಿನನ್ನು ಸ್ಟಾರ್ಟ್ ಮಾಡಿ ಅದು ಜಾಮ್ ಆದರೆ, ಅದು ನೆರೆಯ ಹಾನಿಯಲ್ಲ, ನೀವೇ ಮಾಡಿಕೊಂಡದ್ದು ಎಂದು ಬಿಡುತ್ತಾರೆ. ಸವೆತ, ಇಂಜಿನ್ ತಾನಾಗಿ ಕೈಕೊಟ್ಟದ್ದು ಇವೂ ಇಲ್ಲ. ಹೆಚ್ಚು ಭಾರ ಹೇರಿ ಪ್ಲೇಟು, ಏಕ್ಸಲು ತುಂಡಾದರೆ ಅದೂ ಇಲ್ಲ. ಕೆಂಪುಕಲ್ಲು ಹೇರುವವರ ಮನೆಯವರು ಈ ವಾಕ್ಯವನ್ನು ಎರಡು ಸಲ ಓದಿ, ಗಂಡಂದಿರಿಗೆ ಊಟಕ್ಕೆ ಬಡಿಸುವಾಗ ಹೇಳಿ. ಡ್ರೈವರು ಕುಡಿದಿದ್ದರೆ ನಮ್ಮ ಲಾರಿಯ ರಿಪೇರಿಗೆ ಚಿಕ್ಕಾಸೂ ಇಲ್ಲ.

ಲಾರಿಯಲ್ಲಿ ಇರುವ ಮನುಷ್ಯರ ವಿಷಯಕ್ಕೆ ಬರುತ್ತೇನೆ. ನನ್ನನ್ನು ರಾತ್ರಿ ನಿದ್ದೆಗೆಡಿಸಿದ್ದು ಇದೇ. ಸಂಬಳದ ಡ್ರೈವರು ಮತ್ತು ಕ್ಲೀನರಿಗೆ ಏನಾದರೂ ಆದರೆ ಕಾರ್ಮಿಕರ ಪರಿಹಾರದ ಕಾನೂನಿನಂತೆ ಕೊಡಬೇಕಾದದ್ದು ಪಾಲಿಸಿಯೊಳಗೆ ಬರುತ್ತದೆ. ಎಷ್ಟು ಜನರ ಲೆಕ್ಕ ಬರೆದಿದ್ದಾರೆ ಎಂದು ಕಂತಿನ ವಿವರದಲ್ಲಿ ನೋಡಿಕೊಳ್ಳಿ. ಒಬ್ಬೊಬ್ಬರಿಗೆ ಕೊಡುವ ಕಂತು ತೀರಾ ಸಣ್ಣದು, ಅದರಲ್ಲಿ ಉಳಿತಾಯ ಮಾಡಬೇಡಿ. ಸರಕಿನ ಯಜಮಾನ ಅಥವಾ ಅವನು ಕಳಿಸಿದ ಜನ ಸರಕಿನ ಜೊತೆ ಬಂದರೆ ಅವರಿಗೂ ರಕ್ಷಣೆ ಉಂಟು, 1994ರ ತಿದ್ದುಪಡಿಯಿಂದ. ಆದರೆ ದಾರಿಯಲ್ಲಿ ಕೈ ತೋರಿಸಿದವರು, ಲೋಡಿನ ಮೇಲೆ ಕೂತವರು, ದಿಬ್ಬಣದವರು? ಯಾರಿಗೂ ಇಲ್ಲ. ಸರಕು ಸಾಗಣೆಯ ಗಾಡಿಯಲ್ಲಿ ಸುಮ್ಮನೆ ಹತ್ತಿದ ಪ್ರಯಾಣಿಕರಿಗೆ ಕಂಪೆನಿ ಹೊಣೆಯಲ್ಲ ಎಂದು ಸುಪ್ರೀಂ ಕೋರ್ಟು 2002ರಲ್ಲಿ ಆಶಾರಾಣಿ ಎಂಬವರ ಪ್ರಕರಣದಲ್ಲಿ ಹೇಳಿಬಿಟ್ಟಿದೆ.

ಕಳೆದ ವರ್ಷ ನಮ್ಮ ಹತ್ತಿರದ ಒಂದು ಮನೆಯ ಮದುವೆಗೆ "ನಿಮ್ಮ ಲಾರಿ ಕೊಡಿ, ಇಪ್ಪತ್ತು ಜನ ಹಿಂದೆ ನಿಂತುಕೊಂಡು ಹೋಗುತ್ತೇವೆ, ಡೀಸೆಲ್ ನಾವು ಹಾಕುತ್ತೇವೆ" ಎಂದು ಕೇಳಿಕೊಂಡು ಬಂದರು. ಇವರು ಹೂಂ ಎನ್ನುವವರೇ ಇದ್ದರು. ನಾನು ಒಳಗಿನಿಂದ ಬಂದು ಬೇಡ ಎಂದೆ. ಆ ಮನೆಯವರು ಎರಡು ತಿಂಗಳು ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ. ಇರಲಿ. ಇಪ್ಪತ್ತು ಮನೆಯವರಿಗೆ ಉತ್ತರ ಹೇಳುವುದಕ್ಕಿಂತ ಒಂದು ಮನೆಯವರ ಸಿಟ್ಟು ಹಗುರ.

ಅದಕ್ಕಿಂತ ದೊಡ್ಡ ತೂತು ನನಗೆ ಕಂಡದ್ದು ತವರಿನಲ್ಲಿ. ಮೂಡುಬಿದಿರೆ ಹತ್ತಿರ ನನ್ನ ತಮ್ಮ ಇದ್ದಾನೆ. ಒಂದು ಪಿಕಪ್ಪು ತೆಗೆದು ಅವನೇ ಓಡಿಸುತ್ತಾನೆ. ಸಾಲ ಸುಲಭದಲ್ಲಿ ಸಿಗುತ್ತದೆಂದು ಗಾಡಿಯನ್ನು ಹೆಂಡತಿಯ ಹೆಸರಿನಲ್ಲಿ ಮಾಡಿಸಿದ್ದ. ನಮ್ಮ ಕಡೆ ಇದು ಮಾಮೂಲು, ನಿಮ್ಮಲ್ಲೂ ಹಲವರ ಹೆಸರಿನಲ್ಲಿ ಇರಬಹುದು. ಚೌತಿಗೆ ಹೋದಾಗ ನಾನು ಅವನ ಪಾಲಿಸಿ ನೋಡಿದೆ. ಆಗ ತಮ್ಮನ ಹೆಂಡತಿ, "ಅತ್ತಿಗೆ, ಗಾಡಿ ಓಡಿಸುವವರಿಗೆ ಹದಿನೈದು ಲಕ್ಷ ಉಂಟಂತೆ, ಎಂತ ಹೆದರಿಕೆ?" ಎಂದಳು.

ಆ ಹದಿನೈದು ಲಕ್ಷ ಇರುವುದು 'ಓನರ್ ಡ್ರೈವರ್'ಗೆ. ಅಂದರೆ ಆರ್‌ಸಿಯಲ್ಲಿ ಹೆಸರಿದ್ದು, ತಾನೇ ಲೈಸನ್ಸ್ ಹೊಂದಿರುವ ಮಾಲಕರಿಗೆ. ಇವಳಿಗೆ ಸೈಕಲ್ಲೂ ಬಾರದು, ಲೈಸನ್ಸ್ ಎಲ್ಲಿಂದ? ಅವಳಿಗೆ ಅದು ಅನ್ವಯವೇ ಆಗುವುದಿಲ್ಲ. ತಮ್ಮನಿಗೆ ಲೈಸನ್ಸ್ ಉಂಟು, ಆದರೆ ಅವನು ಮಾಲಕ ಅಲ್ಲ. ಅವನಿಗೂ ಇಲ್ಲ. ಥರ್ಡ್ ಪಾರ್ಟಿಯಲ್ಲಿ ಬರುತ್ತಾನಾ ಎಂದರೆ ಅದೂ ಇಲ್ಲ. ಮಾಲಕರಿಂದ ವಾಹನ ತೆಗೆದುಕೊಂಡು ಓಡಿಸುವವನು ಮಾಲಕರ ಸ್ಥಾನದಲ್ಲೇ ನಿಂತ ಹಾಗೆ ಎಂದು ಸುಪ್ರೀಂ ಕೋರ್ಟು 2009ರಲ್ಲಿ ಹೇಳಿದೆ. ಅದು ನಮ್ಮ ಕರ್ನಾಟಕದ್ದೇ ಪ್ರಕರಣ, ನಿಂಗಮ್ಮ ಎಂಬ ಹೆಂಗಸು ಗಂಡನ ಸಾವಿಗೆ ಪರಿಹಾರ ಕೇಳಿದ್ದು. ಗಂಡ ಬೇರೆಯವರ ಬೈಕು ತೆಗೆದುಕೊಂಡು ಹೋಗಿದ್ದ. ನನ್ನ ತಮ್ಮ ರಾತ್ರಿ ನಿದ್ದೆಗಣ್ಣಲ್ಲಿ ಒಂದು ಮರಕ್ಕೆ ಗುದ್ದಿದ ಅಂತ ಇಟ್ಟುಕೊಳ್ಳಿ (ಹಾಗೆ ಬರೆಯುವಾಗ ನನ್ನ ಕೈ ನಡುಗುತ್ತದೆ). ಎದುರು ಇನ್ನೊಂದು ಗಾಡಿ ಇಲ್ಲ, ಕೇಳುವುದು ಯಾರ ಹತ್ತಿರ? ಸಂಬಳದ ಡ್ರೈವರ್ ಎಂದು ಹೇಳೋಣವೆಂದರೆ ಹೆಂಡತಿ ಗಂಡನಿಗೆ ಸಂಬಳ ಕೊಟ್ಟ ರುಜುವಾತು ಬೇಕು. ನಮ್ಮ ಮನೆಗಳಲ್ಲಿ ಹೆಂಡತಿ ಗಂಡನಿಗೆ ಕೊಡುವುದು ಬುತ್ತಿ ಮಾತ್ರ. ಗಾಡಿಯ ಸಾಲ ಅವಳ ಹೆಸರಿನಲ್ಲಿ, ಎರಡು ಸಣ್ಣ ಮಕ್ಕಳು.

ಅವಳ ಮುಖ ಸಣ್ಣದಾಯಿತು. ತಮ್ಮ, "ಅಕ್ಕ ಹಬ್ಬದ ದಿನ ಎಂತ ಮಾತು ತೆಗೆಯುತ್ತೀ" ಎಂದು ಎದ್ದು ಹೋದ. ಆದರೂ ಆ ತಿಂಗಳೇ ಅವನು ತನ್ನ ಹೆಸರಿನಲ್ಲಿ ಬೇರೆಯಾಗಿ ಒಂದು ಅಪಘಾತ ವಿಮೆ ಮಾಡಿಸಿದ. ಬ್ಯಾಂಕಿನ ಖಾತೆಯಿಂದ ವರ್ಷಕ್ಕೆ 20 ರೂಪಾಯಿ ಮುರಿದುಕೊಂಡು ಎರಡು ಲಕ್ಷದ ರಕ್ಷಣೆ ಕೊಡುವ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಯೂ ಉಂಟಲ್ಲ, ಹದಿನೆಂಟರಿಂದ ಎಪ್ಪತ್ತರ ಪ್ರಾಯದವರಿಗೆ, ಅದಕ್ಕೂ ಸಹಿ ಹಾಕಿಸಿದೆ. ಸಂಬಳದ ಡ್ರೈವರ್ ಇರುವ ಮನೆಯವರು ಅವನ ಹೆಸರಿಗೂ ವೈಯಕ್ತಿಕ ಅಪಘಾತದ ಸೇರ್ಪಡೆ ಕೇಳಿ ಹಾಕಿಸಬಹುದು. ಗಾಡಿಯನ್ನು ಗಂಡನ ಹೆಸರಿಗೆ ಬದಲಿಸುವುದು ಸಾಲ ತೀರಿದ ಮೇಲಿನ ಮಾತು.

ಬದಲಿಸುವ ಮಾತು ಬಂದದ್ದರಿಂದ ಹೇಳುತ್ತೇನೆ. ಹಳೇ ಲಾರಿ ಮಾರಿದರೆ ಹಣ ಎಣಿಸಿಕೊಂಡು ಸುಮ್ಮನೆ ಕೂರಬೇಡಿ. ಆರ್‌ಟಿಓ ಕಚೇರಿಯಲ್ಲಿ ಹೆಸರು ಬದಲಾಗುವವರೆಗೆ ಕಾನೂನಿಗೆ ಮಾಲಕರು ನೀವೇ. ಕೈ ಬದಲಾಯಿಸಿ ಬದಲಾಯಿಸಿ ನಾಲ್ಕನೆಯವನ ಹತ್ತಿರ ಇದ್ದ ಗಾಡಿಯ ಅಪಘಾತಕ್ಕೆ ದಾಖಲೆಯಲ್ಲಿದ್ದ ಮೊದಲಿನವನೇ ಹೊಣೆ ಎಂದು 2018ರಲ್ಲಿ ಸುಪ್ರೀಂ ಕೋರ್ಟು ನವೀನ್ ಕುಮಾರ್ ಎಂಬವರ ಪ್ರಕರಣದಲ್ಲಿ ತೀರ್ಪು ಕೊಟ್ಟಿದೆ. ಕೊಂಡವರು ಹದಿನಾಲ್ಕು ದಿನದೊಳಗೆ ಇನ್ಶೂರೆನ್ಸಿಗೂ ಅರ್ಜಿ ಕೊಡಬೇಕು. ಕೊಡದಿದ್ದರೆ ಥರ್ಡ್ ಪಾರ್ಟಿ ನಡೆಯುತ್ತದೆ, ಸ್ವಂತ ಲಾರಿಯ ಹಾನಿಗೆ ಸಿಗುವುದಿಲ್ಲ.

ಲೈಸನ್ಸ್, ಪರ್ಮಿಟ್ಟು, ಎಫ್‌ಸಿ ಇವುಗಳ ತಾರೀಖನ್ನು ನಾನು ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಕೆಂಪು ಪೆನ್ನಿನಲ್ಲಿ ಗುರುತು ಹಾಕುತ್ತೇನೆ. ಹೊಸ ಲಾರಿಗೆ ಎಂಟು ವರ್ಷದವರೆಗೆ ಎರಡೆರಡು ವರ್ಷಕ್ಕೆ ಎಫ್‌ಸಿ, ಆಮೇಲೆ ಪ್ರತಿ ವರ್ಷ. ಇವು ತಪ್ಪಿದಾಗ ಅಪಘಾತವಾದರೆ ಕಂಪೆನಿ ಸತ್ತವರ ಮನೆಯವರಿಗೆ ಮೊದಲು ಕೊಟ್ಟು, ಆಮೇಲೆ ಅದನ್ನು ನಮ್ಮಿಂದ ವಸೂಲಿ ಮಾಡುವಂತೆ ಕೋರ್ಟು ಹೇಳಬಹುದು. ಪರ್ಮಿಟ್ಟೇ ಇಲ್ಲದ ಗಾಡಿಗೆ 2018ರಲ್ಲಿ ಹಾಗೆಯೇ ಆಯಿತು. ಒಂದು ಸಮಾಧಾನದ ಸುದ್ದಿಯೂ ಉಂಟು. ಸಾಮಾನ್ಯ ಎಲ್‌ಎಂವಿ ಲೈಸನ್ಸಿನವರು 7,500 ಕಿಲೊದೊಳಗಿನ ಬಾಡಿಗೆ ಗಾಡಿ ಓಡಿಸಬಹುದು ಎಂದು ಐವರು ನ್ಯಾಯಾಧೀಶರ ಪೀಠ 2024ರ ನವೆಂಬರ್ 6ರಂದು ಖಚಿತ ಮಾಡಿದೆ. ಪಿಕಪ್ಪು ಓಡಿಸುವ ಹುಡುಗರಿಗೆ ಇದರಿಂದ ದೊಡ್ಡ ಉಪಕಾರ. ಆರು ಚಕ್ರದ ಲಾರಿಗೆ ಇದು ಸಾಕಾಗದು.

ಕಂತಿಗೆ ಚೆಕ್ಕು ಕೊಟ್ಟರೆ ಆ ಖಾತೆಯಲ್ಲಿ ಹಣ ಇರಲಿ. ಹಣ ಕೈ ಸೇರದೆ ಹೊಣೆ ಇಲ್ಲ ಎಂಬುದು ಇನ್ಶೂರೆನ್ಸಿನ ಕಾನೂನು. ಚೆಕ್ಕು ವಾಪಸಾದರೆ ಪಾಲಿಸಿ ಬರೀ ಕಾಗದ. ತಡವಾಗಿ ಕಟ್ಟಿದರೆ ನಡುವಿನ ದಿನಗಳಿಗೆ ರಕ್ಷಣೆ ಇಲ್ಲ, 90 ದಿನ ದಾಟಿದರೆ ಕ್ಲೇಮ್ ಮಾಡದ್ದಕ್ಕೆ ವರ್ಷ ವರ್ಷ ಕೂಡಿಸಿಕೊಂಡ ರಿಯಾಯಿತಿಯೂ ಹೋಗುತ್ತದೆ. ಐದು ವರ್ಷ ಕ್ಲೇಮ್ ಇಲ್ಲದಿದ್ದರೆ ಅದು ನೂರಕ್ಕೆ ಐವತ್ತು, ಎರಡನೇ ಭಾಗದ ಕಂತಿನಲ್ಲಿ ಮಾತ್ರ. ಆದುದರಿಂದ ಸಣ್ಣಪುಟ್ಟ ಮೂರು ಸಾವಿರದ ರಿಪೇರಿಗೆ ಕ್ಲೇಮ್ ಹಾಕಲು ಹೋಗದಿರುವುದೇ ಲಾಭ.

ಲಾರಿಯೊಳಗಿನ ಸರಕು ಈ ಪಾಲಿಸಿಯಲ್ಲಿ ಇಲ್ಲ ಎಂದು ತಿಳಿದಾಗ ನನಗೆ ಆಶ್ಚರ್ಯ. ನಮ್ಮ ಅಡಿಕೆ ಮೂಟೆ ಅಂದು ಟರ್ಪಾಲಿನಡಿ ಒದ್ದೆಯಾಗದೆ ಉಳಿದದ್ದು ನಮ್ಮ ಅದೃಷ್ಟ. ಸರಕಿಗೆ ಬೇರೆ ಪಾಲಿಸಿ, ಅದರ ಹೆಸರು ಮೆರೈನ್, ಸಮುದ್ರದ್ದು! ಘಾಟಿ ಹತ್ತುವ ಅಡಿಕೆಗೆ ಸಮುದ್ರದ ಇನ್ಶೂರೆನ್ಸ್. ಸಾಮಾನ್ಯವಾಗಿ ವ್ಯಾಪಾರಿಗಳು ಮಾಡಿಸುತ್ತಾರೆ, ಮಾಡಿಸಿದ್ದಾರಾ ಎಂದು ಹೇರುವ ಮೊದಲು ಕೇಳಿ.

ಅಪಘಾತ ಆಯಿತು ಎಂದು ಫೋನು ಬಂದರೆ ಮನೆಯಲ್ಲಿರುವ ನಾವು ಮಾಡಬಹುದಾದದ್ದು ಬಹಳ ಉಂಟು. ಮೊದಲು ಗಾಯಾಳು ಆಸ್ಪತ್ರೆಗೆ, ಆಮೇಲೆ ಪೊಲೀಸರಿಗೆ. ಪಾಲಿಸಿಯ ಮೇಲಿರುವ ನಂಬರಿಗೆ ಅದೇ ದಿನ ಫೋನು ಮಾಡಿ ದೂರಿನ ನಂಬರು ಬರೆದಿಟ್ಟುಕೊಳ್ಳಿ. ಲಾರಿಯನ್ನು ಎತ್ತುವ ಮೊದಲು ನಾಲ್ಕು ಕಡೆಯಿಂದ ಫೋಟೊ ತೆಗೆಯಲು ಕ್ಲೀನರಿಗೆ ಹೇಳಿ. ಸರ್ವೇಯರ್ ಬಂದು ನೋಡುವವರೆಗೆ ಗ್ಯಾರೇಜಿನವರು ಒಂದು ಬೋಲ್ಟನ್ನೂ ಬಿಚ್ಚಬಾರದು. ಕಂಪೆನಿ ಇಲ್ಲ ಎಂದರೆ ಇಲ್ಲ ಎಂಬುದನ್ನು ಬರೆದು ಕೊಡಿ ಎಂದು ಕೇಳಿ. ಅದು ಅನ್ಯಾಯ ಎನಿಸಿದರೆ ಬೆಂಗಳೂರಿನಲ್ಲಿ ವಿಮಾ ಓಂಬುಡ್ಸ್‌ಮನ್ ಇದ್ದಾರೆ, ಫೀಸಿಲ್ಲ, ವಕೀಲರೂ ಬೇಡ, ಒಂದು ವರ್ಷದೊಳಗೆ ಬರೆಯಬೇಕು. ಮಂಗಳೂರಿನಲ್ಲಿ ಗ್ರಾಹಕರ ಆಯೋಗವೂ ಉಂಟು.

ನಮ್ಮ ಲಾರಿಯ ಪಾಲಿಸಿ ಬರುವ ಮಂಗಳವಾರ ಮುಗಿಯುತ್ತದೆ. ನಿನ್ನೆ ಇವರು ಹೊಸ ಕಂತಿನ ಚೀಟಿ ತಂದು, ಬಾಯಿ ಬಿಡದೆ ನನ್ನ ಮುಂದೆ ಇಟ್ಟರು. ಕನ್ನಡಕ ಹಾಕಿ ನೋಡಿದೆ. 23 ಉಂಟು. ಡ್ರೈವರು, ಕ್ಲೀನರು ಇಬ್ಬರೂ ಉಂಟು. ಕ್ರೇನಿನ ಮಿತಿ ಇನ್ನೂ 2,500 ಅಂತಲೇ ಇತ್ತು. ಸೋಮವಾರ ಬೆಳಿಗ್ಗೆ ತಿಂಡಿ ಮುಗಿಸಿ ನಾನೇ ಬಿ.ಸಿ. ರೋಡಿಗೆ ಹೋಗಿ ಕೇಳಿ ಬರುತ್ತೇನೆ.